ಸತ್ಯಾಂಶ: ಉಪ್ಪಿದ್ದರೆ ಕಡಲಲ್ಲಿ ಬ್ಯಾಕ್ಟೀರಿಯಾ ಇರಲ್ವಾ?

‘ಸಮುದ್ರದ ಉಪ್ಪು ಬ್ಯಾಕ್ಟೀರಿಯಾಗಳನ್ನೆಲ್ಲ ಕೊಲ್ಲುತ್ತದೆ, ನಡುಗಡಲಿನ ನೀರು ಪೂರ್ತಿ ಶುದ್ಧ’ ಎಂಬ ಮೆಸೇಜ್ ಆಗಾಗ ಓಡಾಡುತ್ತದೆ. ಇದು ತಪ್ಪು. ಆ ನೀರಿನಲ್ಲಿ ಉಪ್ಪಿರುವುದು ಸುಮಾರು ಶೇ 3.5 ಮಾತ್ರ. ಅಲ್ಲೇ ಹುಟ್ಟಿ ಬೆಳೆದ ಬ್ಯಾಕ್ಟೀರಿಯಾಗಳಿಗೆ ಅದು ಲೆಕ್ಕಕ್ಕೇ ಇಲ್ಲ. ಒಂದು ಚಮಚ ಮೇಲ್ನೀರು ಎತ್ತಿದರೆ ಲಕ್ಷಗಟ್ಟಲೆ ಸಿಗುತ್ತವೆ. ನೋಡೋಕೆ ಮಾತ್ರ ತಿಳಿನೀರು!

ಯಾವ ಬಗೆಯವು ಎಲ್ಲಿ ಜಾಸ್ತಿ ಎಂಬುದನ್ನು ಮುಖ್ಯವಾಗಿ ನೀರಿನ ಬಿಸಿ, ಬೆಳಕು, ಸಿಗುವ ಪೋಷಕಾಂಶ ತೀರ್ಮಾನಿಸುತ್ತವೆ. ಬೆಳಕಿನಿಂದ ಆಹಾರ ಮಾಡಿಕೊಳ್ಳುವ ಪ್ರೊಕ್ಲೊರೊಕಾಕಸ್ ಎಂಬ ಬ್ಯಾಕ್ಟೀರಿಯಾ ನೋಡಿ. ಅಗಲ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತ ಕಡಿಮೆ. ಬೆಚ್ಚಗಿನ, ಪೋಷಕಾಂಶ ಕಡಿಮೆಯಿರುವ ನೀರೇ ಇದಕ್ಕೆ ಇಷ್ಟ. ಇದರಲ್ಲೇ ಒಂದು ಬಗೆ ಮೇಲಿನ ಜೋರು ಬಿಸಿಲಿಗೆ, ಇನ್ನೊಂದು ಸುಮಾರು 100 ಮೀಟರ್ ಕೆಳಗಿನ ಮಬ್ಬು ಬೆಳಕಿಗೆ ಒಗ್ಗಿಕೊಂಡಿದೆ. 200 ಮೀಟರ್ ದಾಟಿದರೆ ಅಲ್ಲಿನ ಸಂಸಾರವೇ ಬೇರೆ.

ಕಡಲಿನ ಬ್ಯಾಕ್ಟೀರಿಯಾಗಳು ಮಿತಿಮೀರದಂತೆ ತಡೆಯುವುದು ಉಪ್ಪಲ್ಲ. ಇವನ್ನು ತಿನ್ನುವ ಏಕಕೋಶ ಜೀವಿಗಳು ಮತ್ತು ವೈರಸ್‌ಗಳು.