ಎಲ್ಲೋ ಕೇಳಿದ ಹಾಗಿದೆ

ಈ ಭಾನುವಾರವೂ ಹಾಗೇ ಹೋಯಿತು. ಮಸಾಲೆ ದೋಸೆ ಆಯಿತು, ಬೈಟು ಕಾಫಿ ಆಯಿತು, ಅದರ ಮೇಲೆ ಇನ್ನೊಂದು ಬೈಟು ಆಯಿತು. ಟೇಬಲ್ ಒರೆಸುವ ಹುಡುಗ ನಮ್ಮ ಟೇಬಲ್ಲನ್ನೇ ಮತ್ತೆ ಮತ್ತೆ ಒರೆಸಿ, ಬಾಯಿ ಬಿಡದೆ 'ಏಳ್ರಪ್ಪಾ' ಅಂದದ್ದೂ ಆಯಿತು. ಹೆಸರು ಮಾತ್ರ ಆಗಲಿಲ್ಲ.

ಮಗುವಿನ ಹೆಸರಲ್ಲ. ಮಗುವಾಗಿದ್ದರೆ ಸೋದರತ್ತೆ ಬಂದು ಕಿವಿಯಲ್ಲಿ ಏನೋ ಒಂದು ಊದಿ, ಹೋಳಿಗೆ ತಿಂದು ಹೋಗುತ್ತಿದ್ದರು. ನಮ್ಮದು ಲೋಕದ ಹೆಸರು.

ವಿಷಯ ಏನಂದರೆ, ನಾವೊಂದಿಷ್ಟು ಜನ ಸೇರಿ ಫ್ಯಾಂಟಸಿ ಕಥೆಗಳನ್ನು ಬರೆಯೋಣ ಅಂತ ಹೊರಟಿದ್ದೇವೆ. ಲೋಕ ಒಂದೇ, ಬರೆಯುವವರು ಬೇರೆ ಬೇರೆ. ನನ್ನ ಕಥೆಯ ರಾಜ ನಿಮ್ಮ ಕಥೆಯಲ್ಲಿ ಕುದುರೆ ಏರಿ ಹಾದುಹೋಗಬಹುದು. ನಿಮ್ಮ ಮಾಟಗಾತಿ ನನ್ನ ಕಥೆಗೆ ಬಂದು ಒಂದು ಬಟ್ಟಲು ಉಪ್ಪು ಕೇಳಬಹುದು. ಇದೇನು ಹೊಸದಲ್ಲ. ಅಮೆರಿಕದಲ್ಲಿ ಭಯಾನಕ ಕಥೆಗಳ ಲೇಖಕ ಲವ್‌ಕ್ರಾಫ್ಟ್ ಮತ್ತು ಅವರ ಗೆಳೆಯರು 1920-30ರ ದಶಕಗಳಲ್ಲೇ ಒಬ್ಬರ ದೆವ್ವವನ್ನು ಇನ್ನೊಬ್ಬರು ಕಡ ತಗೊಂಡು ಬರೆಯುತ್ತಿದ್ದರು. ಅದಕ್ಕೊಂದು ಹೆಸರು ಅಂತ ಅಂಟಿಸಿದ್ದು ಗೆಳೆಯ ಆಗಸ್ಟ್ ಡರ್ಲೆತ್. ಲವ್‌ಕ್ರಾಫ್ಟ್ ತಮಾಷೆಗೆ ಏನೋ ಒಂದು ಕರೆದುಕೊಂಡು ಬರೆಯುತ್ತಾ ಹೋದರು. ಮೊದಲು ಕಥೆ, ಆಮೇಲೆ ಬೋರ್ಡು. ಎಷ್ಟು ಸರಳ, ಅಲ್ವಾ?

1979ರಲ್ಲಿ ರಾಬರ್ಟ್ ಆಸ್ಪ್ರಿನ್ ಕಳ್ಳಕಾಕರು ತುಂಬಿದ ಒಂದು ಊರು ಕಟ್ಟಿ, ಹಲವು ಲೇಖಕರನ್ನು ಅದರೊಳಗೆ ಬಿಟ್ಟ ಪುಸ್ತಕ ತಂದರು. ಅಲ್ಲೊಂದು ಒಳ್ಳೆ ನಿಯಮ ಇತ್ತು. ಇನ್ನೊಬ್ಬರ ಪಾತ್ರವನ್ನು ಬಳಸಿಕೊಳ್ಳಿ, ಕೇಳದೆ ಸಾಯಿಸಬೇಡಿ. ನಮಗೂ ಇದನ್ನು ಬರೆದಿಟ್ಟುಕೊಳ್ಳೋಣ ಅಂತ ನಾನು ಮೊದಲ ದಿನವೇ ಹೇಳಿದೆ.

"ನಿಯಮ ಎಲ್ಲ ಆಮೇಲೆ. ಮೊದಲು ಹೆಸರು" ಅಂದರು ಮ್ಯಾನೇಜರ್.

ಮ್ಯಾನೇಜರ್ ಅಂದರೆ ಬ್ಯಾಂಕಿನಿಂದ ರಿಟೈರಾದವರು. ತುಂಬಾ ಒಳ್ಳೆಯವರು. ಬಿಲ್ ಕೊಡುವುದೂ ಹೆಚ್ಚಾಗಿ ಅವರೇ, ಹಾಗಾಗಿ ಜಾಸ್ತಿ ಮಾತಾಡುವ ಹಾಗೂ ಇಲ್ಲ. ಆದರೆ ಅವರಿಗೊಂದು ಅಭ್ಯಾಸ. ಯಾರು ಯಾವ ಹೆಸರು ಹೇಳಿದರೂ ಕಣ್ಣು ಮುಚ್ಚುತ್ತಾರೆ. ತಲೆಯನ್ನು ಸ್ವಲ್ಪ ಎಡಕ್ಕೆ ವಾಲಿಸುತ್ತಾರೆ. ಮೂಗಿನಲ್ಲಿ ಒಂದು ಉದ್ದ 'ಹ್ಞೂಂ' ಎಳೆಯುತ್ತಾರೆ. ಆಮೇಲೆ, "ಎಲ್ಲೋ ಕೇಳಿದ ಹಾಗಿದೆಯಲ್ಲ..."

ಮುಗಿಯಿತು. ಹೆಸರು ಅಲ್ಲೇ ಸತ್ತಿತು. ಎಲ್ಲಿ ಕೇಳಿದ್ದು ಸಾರ್ ಅಂದರೆ ಹೇಳುವುದಿಲ್ಲ. "ಬರುತ್ತೆ, ಬರುತ್ತೆ" ಅಂತ ಕೈ ಎತ್ತುತ್ತಾರೆ. ಅದು ಬರುವುದು ನಾವು ದೀಪ ಆರಿಸಿ ಮಲಗಿದ ಮೇಲೆ, ಫೋನಿನಲ್ಲಿ. "ನೆನಪಾಯ್ತು ಕಣ್ರೀ! ತುಮಕೂರು ರೋಡಿನಲ್ಲಿ ಆ ಹೆಸರಿನ ಒಂದು ಕಲ್ಯಾಣ ಮಂಟಪ ಇತ್ತು. ಊಟ ಚೆನ್ನಾಗಿರಲಿಲ್ಲ."

ಸಿಟ್ಟು ಬರುವುದು ಯಾಕೆಂದರೆ ಅವರು ಹೇಳುವುದು ಬಹಳ ಸಲ ನಿಜ. ಅಮರಾವತಿ ಅಂದರೆ ಇಂದ್ರನದ್ದೂ ಆಯಿತು, ಆಂಧ್ರದವರದ್ದೂ ಆಯಿತು, ಮಹಾರಾಷ್ಟ್ರದಲ್ಲಿ ಒಂದು ಜಿಲ್ಲೆಯೂ ಆಯಿತು. ವೈಕುಂಠ, ಕೈಲಾಸ, ನಂದನವನ ಎಲ್ಲ ಅಪಾರ್ಟ್‌ಮೆಂಟಿನವರ ಪಾಲು. ಅತಲ ವಿತಲ ಸುತಲದಿಂದ ಹಿಡಿದು ಸತ್ಯಲೋಕದವರೆಗೆ ಹದಿನಾಲ್ಕಕ್ಕೂ ಪುರಾಣದವರು ಮೊದಲೇ ಟವೆಲ್ ಹಾಕಿಬಿಟ್ಟಿದ್ದಾರೆ. ರಸಾತಲ ಒಂದು ಖಾಲಿ ಇತ್ತೇನೋ, ಅದನ್ನು ನಮ್ಮ ಏರಿಯಾದ ರಸ್ತೆಗೆ ದಿನಾ ಬಳಸಿ ಬಳಸಿ ನಾವೇ ಸವೆಸಿದ್ದೇವೆ. ಸಾಫ್ಟ್‌ವೇರ್ ಹುಡುಗ ಒಂದು ವಾರ ಭಾರೀ ಹುಮ್ಮಸ್ಸಿನಲ್ಲಿ ಬಂದ. ಕನಸಿನಲ್ಲಿ ಹೊಳೆಯಿತಂತೆ, 'ಚಂದ್ರದ್ರೋಣ'! ನಮ್ಮ ಲೋಕದ ನಕ್ಷೆ ಬರೆಯುವವರು ಚಿಕ್ಕಮಗಳೂರಿನ ಕಡೆಯವರು. "ಅದು ನಮ್ಮ ಬೆಟ್ಟ ಕಣಯ್ಯ" ಅಂದರು. ಹುಡುಗ ಸೇಡು ತೀರಿಸಿಕೊಳ್ಳುವವನಂತೆ ಮುಂದಿನ ವಾರ ವತ್ತಿನ ಮೇಲೆ ವತ್ತು ಹೇರಿದ 'ವ್ರಾಕ್ಷ್ಮಾರ್' ಅನ್ನೋದನ್ನು ತಂದ. ಅದನ್ನು ಜೋರಾಗಿ ಓದಿದವರಿಗೆ ಕೆಮ್ಮು ಬಂತು.

ನಾನು 'ಮಂಜುಸಂದ್ರ' ಅಂದೆ. ಮಂಜು ಮುಸುಕಿದ ಲೋಕ, ಎಷ್ಟು ಚಂದ! ಎಲ್ಲರೂ ಒಟ್ಟಿಗೆ ಮೆಟ್ರೋ ದನಿಯಲ್ಲಿ "ಮುಂದಿನ ನಿಲ್ದಾಣ ಮಂಜುಸಂದ್ರ, ಬಾಗಿಲುಗಳು ಎಡಕ್ಕೆ ತೆರೆಯುತ್ತವೆ" ಅಂದರು. ಬೊಮ್ಮಸಂದ್ರ, ಸಿಂಗಸಂದ್ರ ಇರುವ ಊರಿನಲ್ಲಿ ಹುಟ್ಟಿದ ಪಾಡು ಇದು. ಡ್ರ್ಯಾಗನ್ ಬಂದು ಇಳಿದರೂ ಫೀಡರ್ ಬಸ್ ಎಲ್ಲಿ ಅಂತ ಕೇಳುತ್ತದೆ.

ಕೊನೆಗೆ ಮ್ಯಾನೇಜರೇ ಪರಿಹಾರ ತಂದರು. ಪಂಚಾಂಗ. ನಾವು ನಕ್ಕೆವು. ಅವರು ನಗಲಿಲ್ಲ. "ಆರ್.ಕೆ. ನಾರಾಯಣ್ 1930ರಲ್ಲಿ ಇದೇ ಬೆಂಗಳೂರಿನಲ್ಲಿ ಮೊದಲ ಕಾದಂಬರಿ ಶುರು ಮಾಡಿದ್ದು ಅವರ ಅಜ್ಜಿ ನೋಡಿಕೊಟ್ಟ ಒಳ್ಳೆ ದಿನ. ಕೂತ ತಕ್ಷಣ ಮಾಲ್ಗುಡಿ ಸ್ಟೇಷನ್ ಸಮೇತ ಬಂತೋ ಇಲ್ವೋ?" ಇದಕ್ಕೆ ಉತ್ತರ ಕೊಡುವುದು ಕಷ್ಟ. ನಾರಾಯಣರ ಸುತ್ತ ಕಮಿಟಿ ಇರಲಿಲ್ಲ ಸಾರ್ ಅನ್ನಬೇಕೆನಿಸಿತು. ಆದರೆ ಆಗ ತಾನೇ ಅವರು ಬಾದಾಮಿ ಹಾಲು ಹೇಳಿದ್ದರು.

ಲೋಕ ಹುಟ್ಟಿದ ಹೊತ್ತು ಯಾವುದು? ಅದೂ ಅವರ ಬಳಿ ಇತ್ತು. ನಾವು ಮೊದಲ ಸಲ ಸೇರಿದ ದಿನದ ಹೋಟೆಲ್ ಬಿಲ್ಲನ್ನು ಪರ್ಸಿನಲ್ಲಿ ಜೋಪಾನವಾಗಿ ಇಟ್ಟಿದ್ದರು. ತಾರೀಖು, ಗಂಟೆ, ನಿಮಿಷ ಎಲ್ಲ ಅಚ್ಚಾಗಿದೆ. ಲೆಕ್ಕ ಹಾಕಿದರು. ಆರ್ದ್ರಾ ನಕ್ಷತ್ರ. ಆರ್ದ್ರೆಗೆ ಅಕ್ಷರಗಳು ಕು, ಘ, ಙ, ಛ. ನಮ್ಮ ಲೋಕ ಹುಟ್ಟಿದ್ದು ಮೂರನೇ ಪಾದದಲ್ಲಿ.

ಙ.

ಒಂದನೇ ಕ್ಲಾಸಿನಲ್ಲಿ ಸ್ಲೇಟಿನ ಮೇಲೆ ತಿದ್ದಿ ಬಿಟ್ಟ ಅಕ್ಷರ. ಚಾರ್ಟಿನಲ್ಲಿ ಕಮಲ ಇರುತ್ತದೆ, ಗಡಿಯಾರ ಇರುತ್ತದೆ, ಇದರ ಚೌಕಕ್ಕೆ ಬಂದರೆ ಚಿತ್ರ ಬರೆಯುವವನೂ ಕೈ ಚೆಲ್ಲಿರುತ್ತಾನೆ. ಮ್ಯಾನೇಜರ್ ಬಗ್ಗಲಿಲ್ಲ. "ಪ್ರಯತ್ನ ಮಾಡ್ರೀ" ಅಂದರು. ಮಾಡಿದೆವು. ಙವಪುರ. ಙಾರಂಡ. ಙೋಲಾವತಿ. ವಯಸ್ಸಿಗೆ ಬಂದ ಗಂಡಸರು ಹೆಂಗಸರು ಟೇಬಲ್ ಸುತ್ತ ಕೂತು, ಮೂಗು ಅರಳಿಸಿ, ಗಂಟಲನ್ನು ಒತ್ತಿ, ಒಬ್ಬರ ಮುಖ ಒಬ್ಬರು ನೋಡುತ್ತಾ 'ಙಾ' ಅನ್ನುವುದನ್ನು ನೆನೆಸಿಕೊಳ್ಳಿ. ಪಕ್ಕದ ಟೇಬಲ್ಲಿನ ಮಗು ಅಳತೊಡಗಿತು. ಯಾರೋ ಒಬ್ಬರು ನೀರಿನ ಲೋಟ ನಮ್ಮತ್ತ ಸರಿಸಿ, "ಮೆಣಸಿನಕಾಯಿ ಸಿಕ್ತಾ?" ಅಂತ ಕನಿಕರದಿಂದ ಕೇಳಿದರು. ನಕ್ಷೆಯವರು ಟೈಪ್ ಮಾಡಲು ಹೋಗಿ ಫೋನಿನಲ್ಲಿ ಆ ಅಕ್ಷರ ಎಲ್ಲಿದೆ ಅಂತ ಹುಡುಕುತ್ತಲೇ ಇದ್ದರು.

ಮ್ಯಾನೇಜರ್ ಕಣ್ಣು ಮುಚ್ಚಿದರು. ತಲೆ ಎಡಕ್ಕೆ ವಾಲಿತು. 'ಹ್ಞೂಂ' ಬಂತು. ನಾವೆಲ್ಲ ಉಸಿರು ಬಿಗಿ ಹಿಡಿದೆವು.

"ಇದನ್ನ ಮಾತ್ರ ಎಲ್ಲೂ ಕೇಳಿಲ್ಲ" ಅಂದರು. ಆ ಮುಖದಲ್ಲಿ ಅಷ್ಟು ತೃಪ್ತಿಯನ್ನು ನಾನು ಯಾವತ್ತೂ ಕಂಡಿರಲಿಲ್ಲ.

ನಮ್ಮಜ್ಜಿಯ ಕಥೆಗಳಲ್ಲಿ ಈ ತಾಪತ್ರಯವೇ ಇರಲಿಲ್ಲ. ಒಂದೂರಲ್ಲಿ ಒಬ್ಬ ರಾಜ, ಅಷ್ಟೆ. ಯಾವ ಊರು ಅಂತ ನಾವು ಕೇಳಲೂ ಇಲ್ಲ. ಏಳು ಸಮುದ್ರ ಕೀಳು ಸಮುದ್ರ ದಾಟಿದರೆ ಒಂದು ಮರ, ಮರದಲ್ಲಿ ಪಂಜರ, ಪಂಜರದಲ್ಲಿ ಗಿಳಿ, ಗಿಳಿಯೊಳಗೆ ರಾಕ್ಷಸನ ಪ್ರಾಣ. ಪಕ್ಕದ ಮನೆ ಅಜ್ಜಿ ಹೇಳುವ ಕಥೆಯಲ್ಲೂ ಅದೇ ಸಮುದ್ರ, ಅದೇ ಗಿಳಿ. ಇಬ್ಬರಿಗೂ ಬಾವಿಕಟ್ಟೆಯ ವಿಷಯದಲ್ಲಿ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಸಮುದ್ರಕ್ಕೆ ಮಾತ್ರ ಜಗಳ ಇರಲಿಲ್ಲ. ಈಗ ಇಬ್ಬರೂ ಇಲ್ಲ. ಗಿಳಿಯ ಕಥೆ ಹೇಗೆ ಮುಗಿಯುತ್ತಿತ್ತು ಅಂತ ನನಗೆ ಸರಿಯಾಗಿ ಗೊತ್ತಿಲ್ಲ. ಅಷ್ಟು ಹೊತ್ತಿಗೆ ನಿದ್ದೆ ಬಂದುಬಿಡುತ್ತಿತ್ತು.

ಇರಲಿ. ಇಷ್ಟೆಲ್ಲ ನಡೆಯುವಾಗ ಮೂಲೆಯಲ್ಲಿ ಕೂತಿದ್ದ ಕಾಲೇಜು ಹುಡುಗಿ ಒಂದು ಮಾತೂ ಆಡಿರಲಿಲ್ಲ. ಲ್ಯಾಪ್‌ಟಾಪಿನಲ್ಲಿ ಟಕಟಕ ಅಂತ ಏನೋ ಹೊಡೆಯುತ್ತಿದ್ದಳು. ನಾವೆಲ್ಲ ಅದನ್ನು ಮೀಟಿಂಗಿನ ನೋಟ್ಸು ಅಂದುಕೊಂಡಿದ್ದೆವು. ಬಿಲ್ ಬಂದಾಗ "ಸಾರ್, ನಂದು ಮುಗೀತು" ಅಂದಳು. ಇಡೀ ಕಾದಂಬರಿ! ಲೋಕದ ಹೆಸರು ಬರುವ ಕಡೆಯಲ್ಲೆಲ್ಲ ಚುಕ್ಕಿ ಇಟ್ಟಿದ್ದಾಳೆ. ನೀವು ನಿಧಾನಕ್ಕೆ ಹೇಳಿ, ತುಂಬಿಸ್ಕೊಳ್ತೀನಿ ಅಂದಳು.

ರಾತ್ರಿ ಕೂತು ಓದಿದೆ. ಹೊಟ್ಟೆ ಉರಿಯುವಷ್ಟು ಚೆನ್ನಾಗಿದೆ. ಮೂರನೇ ಅಧ್ಯಾಯದಲ್ಲಿ ಅವಳ ಮಾಟಗಾತಿ ಕೊಟ್ಟ ಪಾಯಸ ಕುಡಿದು ನನ್ನ ರಾಜ ಸತ್ತಿದ್ದಾನೆ. ನನ್ನ ಕಥೆಯಲ್ಲಿ ಅವನಿಗಿನ್ನೂ ಮದುವೆ ಆಗಬೇಕು. ನಿಯಮ ಇಲ್ವೇನಮ್ಮಾ ಅನ್ನೋಣ ಅಂದರೆ, ನಿಯಮ ಆಮೇಲೆ ಅಂತ ತೀರ್ಮಾನ ಆಗಿದೆಯಲ್ಲ.

1935ರಲ್ಲಿ ರಾಬರ್ಟ್ ಬ್ಲಾಕ್ ಅನ್ನುವ ಹರೆಯದ ಹುಡುಗ ಲವ್‌ಕ್ರಾಫ್ಟರನ್ನೇ ಹೋಲುವ ಪಾತ್ರವೊಂದನ್ನು ಕಥೆಯಲ್ಲಿ ಸಾಯಿಸಿದ್ದ. ಆದರೆ ಅವರಿಂದ ಕಾಗದದ ಮೇಲೆ ಒಪ್ಪಿಗೆ ಪಡೆದು ಸಾಯಿಸಿದ್ದ. ಲವ್‌ಕ್ರಾಫ್ಟ್ ನಗುನಗುತ್ತಾ ಬರೆದುಕೊಟ್ಟು, ಆಮೇಲೆ ತಮ್ಮ ಕಥೆಯಲ್ಲಿ ರಾಬರ್ಟ್ ಬ್ಲೇಕ್ ಅನ್ನುವವನನ್ನು ಕೊಂದು ಲೆಕ್ಕ ಚುಕ್ತಾ ಮಾಡಿದರು.

ಬೆಳಿಗ್ಗೆ ಎದ್ದವನೇ ನಕ್ಷೆಯವರಿಗೆ ಫೋನ್ ಮಾಡಿ, ಆ ಮಾಟಗಾತಿಯ ಗುಡಿಸಲು ಯಾವ ಕಡೆ ಬರುತ್ತೆ ಅಂತ ಕೇಳಿದೆ.