ಪೆಟ್ಟಿಗೆಯ ಮೇಲಿನ 48

ಬೆಳಿಗ್ಗೆಯಿಂದ ತಲೆ ಕೆಟ್ಟಿದೆ. ಇದನ್ನು ಬರೆದು ಮುಗಿಸದೆ ಇವತ್ತು ಬೇರೆ ಕೆಲಸಕ್ಕೆ ಕೈ ಹೋಗುವುದಿಲ್ಲ.

ನಮ್ಮ ಜೊತೆ ಬೇಟೆಗೆ ಈಚೆಗೆ ಬರತೊಡಗಿದ ಹುಡುಗನೊಬ್ಬ ಇದ್ದಾನೆ. ಪರವಾನಗಿ ಪಡೆದಿದ್ದಾನೆ, ಗುರಿ ಚೆನ್ನಾಗಿದೆ, ಎಲ್ಲಕ್ಕಿಂತ ಹೆಚ್ಚಾಗಿ ಕಾಯುವ ತಾಳ್ಮೆ ಇದೆ. ಕೈಯಲ್ಲಿ ದುಡ್ಡು ಮಾತ್ರ ಕಡಿಮೆ. ತಿಂಗಳುಗಟ್ಟಲೆ ಉಳಿಸಿ ಒಂದು ಟ್ರೇಲ್ ಕ್ಯಾಮೆರಾ ತಗೊಂಡ, ಕಾಡುದಾರಿಯಲ್ಲಿ ಕಟ್ಟಿಟ್ಟರೆ ಪ್ರಾಣಿ ಹಾದಾಗ ತಾನೇ ಚಿತ್ರ ತೆಗೆಯುವಂಥದ್ದು. ಮೂರು ವಾರ ಮರಕ್ಕೆ ಕಟ್ಟಿಟ್ಟು, ಇವತ್ತು ಅದರ ಮೆಮೊರಿ ಕಾರ್ಡು ತಂದು ನನ್ನ ಮುಂದಿಟ್ಟ. ಸಾವಿರಕ್ಕೂ ಹೆಚ್ಚು ಚಿತ್ರ. ಹುಲ್ಲು, ಹುಲ್ಲು, ಅಲ್ಲಾಡಿದ ಟೊಂಗೆ, ಮತ್ತೆ ಹುಲ್ಲು. ನಡುನಡುವೆ ಒಂದು ಬಾಲ, ಒಂದು ಹಿಂಗಾಲು. ಒಂದು ಚಿತ್ರದ ಅಂಚಿನಲ್ಲಿ ಕೊಂಬಿನ ತುದಿಯೋ ಒಣಗಿದ ಕಡ್ಡಿಯೋ ಹೇಳಲಾಗದಂಥದ್ದು. "48 ಮೆಗಾಪಿಕ್ಸೆಲ್ ಅಣ್ಣಾ, ಅದಕ್ಕೇ ಇದನ್ನ ಆರಿಸಿದ್ದು" ಅಂದ. ಅವನು ಅದನ್ನು ಹೆಮ್ಮೆಯಿಂದ ಹೇಳಿದ್ದು ನೋಡಿ ನನಗೆ ಸಿಟ್ಟು ನೆತ್ತಿಗೇರಿತು. ಅವನ ಮೇಲಲ್ಲ, ಆ ಅಂಕಿಯನ್ನು ಪೆಟ್ಟಿಗೆಯ ಮೇಲೆ ಅಷ್ಟು ದಪ್ಪಕ್ಷರದಲ್ಲಿ ಅಚ್ಚು ಹಾಕಿದವರ ಮೇಲೆ.

ಕಡಿಮೆ ಬೆಲೆಯ ಟ್ರೇಲ್ ಕ್ಯಾಮೆರಾಗಳ ಒಳಗಿರುವ, ಚಿತ್ರ ಹಿಡಿಯುವ ಸೆನ್ಸರು ಬಹಳಷ್ಟು ಸಲ ಕೆಲವೇ ಮೆಗಾಪಿಕ್ಸೆಲ್‌ನದು. ಉಳಿದದ್ದನ್ನು ಒಳಗಿನ ತಂತ್ರಾಂಶ ಊಹಿಸಿ ತುಂಬುತ್ತದೆ. ಪಕ್ಕಪಕ್ಕದ ಎರಡು ಚುಕ್ಕೆ ನೋಡಿ ನಡುವೆ ಇನ್ನೊಂದನ್ನು ತಾನೇ ಇಡುತ್ತದೆ. ಇದಕ್ಕೆ ಇಂಟರ್‌ಪೊಲೇಶನ್ ಅಂತ ಹೆಸರು. ಹಾಲಿಗೆ ನೀರು ಬೆರೆಸಿದರೆ ಪಾತ್ರೆ ತುಂಬುತ್ತದೆ, ಕೆನೆ ಹೆಚ್ಚುವುದಿಲ್ಲ. ಚಿತ್ರದಲ್ಲಿ ಒಂದು ಕೂದಲಿನಷ್ಟು ಹೊಸ ವಿವರವೂ ಬರದು. ಬದಲಿಗೆ ಕಡತ ದೊಡ್ಡದಾಗಿ ಕಾರ್ಡು ಬೇಗ ತುಂಬುತ್ತದೆ, ಬರೆಯಲು ಹೆಚ್ಚು ಹೊತ್ತು ಹಿಡಿದು ಕ್ಯಾಮೆರಾ ಮುಂದಿನ ಚಿತ್ರಕ್ಕೆ ತಡವಾಗಿ ಸಿದ್ಧವಾಗುತ್ತದೆ. ಅಂದರೆ ಆ 48 ಉಪಯೋಗವಿಲ್ಲದ್ದಷ್ಟೇ ಅಲ್ಲ, ಎದುರು ಬಂದ ಪ್ರಾಣಿಯನ್ನೂ ತಪ್ಪಿಸುತ್ತದೆ. ನಿಮ್ಮ ಹತ್ತಿರ ಈಗಾಗಲೇ ಇಂಥ ಕ್ಯಾಮೆರಾ ಇದ್ದರೆ ಇವತ್ತೇ ಮೆನುವಿಗೆ ಹೋಗಿ ಚಿತ್ರದ ಗಾತ್ರವನ್ನು ಕೆಳಗಿಳಿಸಿ. ಫುಲ್ ಎಚ್‌ಡಿ ಪರದೆ ಪೂರ್ತಿ ತುಂಬಲು ಬೇಕಾಗುವುದು 2 ಮೆಗಾಪಿಕ್ಸೆಲ್ ಚಿಲ್ಲರೆ.

ಹಾಗಾದರೆ ಏನು ನೋಡಬೇಕು? ಮೊದಲು ನೋಡಬೇಕಾದ್ದು ಅದು ಎಷ್ಟು ಬೇಗ ಎಚ್ಚರಗೊಳ್ಳುತ್ತದೆ ಅನ್ನುವುದು. ದಾರಿಯಿಂದ ಐದು ಮೀಟರ್ ದೂರದಲ್ಲಿ ಕ್ಯಾಮೆರಾ ಕಟ್ಟಿದ್ದೀರಿ, ಅದರ ನೋಟದ ಕೋನ 45 ಡಿಗ್ರಿ ಅಂದುಕೊಳ್ಳಿ. ಅಲ್ಲಿ ಚೌಕಟ್ಟಿನ ಅಗಲ ಸುಮಾರು ನಾಲ್ಕು ಮೀಟರ್. ಪ್ರಾಣಿ ಬಂದದ್ದನ್ನು ಗುರುತಿಸುವ ಇನ್ನೊಂದು ಸೆನ್ಸರು ಜಿಂಕೆಯನ್ನು ಗಮನಿಸುವಾಗ ಅದು ನಡುವಿನಲ್ಲಿದ್ದರೆ ಅಂಚಿಗೆ ಉಳಿದದ್ದು ಎರಡೇ ಮೀಟರ್. ಸೆಕೆಂಡಿಗೆ ಒಂದೂವರೆ ಮೀಟರ್ ನಡೆದರೂ ಒಂದೂವರೆ ಸೆಕೆಂಡಿನೊಳಗೆ ಅದು ಚೌಕಟ್ಟಿನ ಆಚೆ. ಓಡಿದರೆ ಅರ್ಧ ಸೆಕೆಂಡೂ ಇಲ್ಲ. ಎಚ್ಚರಗೊಳ್ಳಲು ಒಂದು ಸೆಕೆಂಡಿಗಿಂತ ಹೆಚ್ಚು ಹಿಡಿಯುವ ಕ್ಯಾಮೆರಾ ಬಾಲವನ್ನಲ್ಲದೆ ಇನ್ನೇನು ತಂದುಕೊಟ್ಟೀತು? ಅರ್ಧ ಸೆಕೆಂಡಿನೊಳಗೆ ತೆಗೆಯುವಂಥವು ಅಗ್ಗದವುಗಳಲ್ಲೂ ಸಿಗುತ್ತವೆ. ಆದರೆ ಆ ಅಂಕಿ ಪೆಟ್ಟಿಗೆಯ ಹಿಂಬದಿಯಲ್ಲಿ ಇರುವೆಯಷ್ಟು ಅಕ್ಷರದಲ್ಲಿರುತ್ತದೆ. ಮುಂದೆ 48, ಹಿಂದೆ ನಿಜ.

ಈ ಬೇಗ ಎಚ್ಚರಗೊಳ್ಳುವ ಮಾತು ಹೊಸದೇನಲ್ಲ. 1906ರ ಜುಲೈಯಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆ ಜಾರ್ಜ್ ಶಿರಾಸ್ ಎಂಬಾತನ 74 ವನ್ಯಜೀವಿ ಚಿತ್ರಗಳನ್ನು ಅಚ್ಚು ಹಾಕಿತು. ಆತನೂ ನಮ್ಮ ಹಾಗೆ ಬೇಟೆಗಾರನೇ, ಆಮೇಲೆ ಕೋವಿ ಬದಿಗಿಟ್ಟು ಕ್ಯಾಮೆರಾ ಹಿಡಿದವನು. ದಾರಿಗೆ ಅಡ್ಡ ತಂತಿ ಕಟ್ಟಿ, ಪ್ರಾಣಿ ಅದನ್ನು ತಾಗಿದಾಗ ಬೆಳಕು ಸಿಡಿದು ಚಿತ್ರ ಮೂಡುವಂತೆ ಮಾಡಿದ್ದ. ಒಂದು ರಾತ್ರಿ, ಒಂದು ಫಲಕ, ಒಂದೇ ಅವಕಾಶ. ಆ ತಂತಿ ತಡ ಮಾಡಿದ್ದರೆ ಅವನ ಹತ್ತಿರವೂ ಇರುತ್ತಿದ್ದದ್ದು ಕತ್ತಲೆಯ ಚಿತ್ರವೇ.

ಈಗಿನವುಗಳಲ್ಲಿ ತಂತಿಯ ಜಾಗದಲ್ಲಿ ಪಿಐಆರ್ ಸೆನ್ಸರಿದೆ. ಅದಕ್ಕೆ ಕಣ್ಣಿಲ್ಲ, ಅದಕ್ಕೆ ಗೊತ್ತಾಗುವುದು ಶಾಖದ ವ್ಯತ್ಯಾಸ. ಬೆಚ್ಚಗಿನ ಮೈ ಒಂದು ಅದರ ಮುಂದೆ ಅಡ್ಡಡ್ಡ ಹಾದರೆ ತಟ್ಟನೆ ಗೊತ್ತಾಗುತ್ತದೆ, ನೇರ ಎದುರಿಗೆ ಬಂದರೆ ನಿಧಾನ. ಸುಡುಬಿಸಿಲಿನಲ್ಲಿ ಸುತ್ತಲಿನ ಶಾಖವೂ ಪ್ರಾಣಿಯ ಮೈಯ ಶಾಖವೂ ಹತ್ತಿರವಾದಾಗ ಅದು ಮಂಕಾಗುತ್ತದೆ. ಬಿಸಿಲಿಗೆ ಕಾದ ಎಲೆ ಗಾಳಿಗೆ ಅಲ್ಲಾಡಿದರೆ ಪ್ರಾಣಿಯೇ ಬಂತೆಂದು ಮೋಸ ಹೋಗುತ್ತದೆ. ನಮ್ಮ ಹುಡುಗನ ಸಾವಿರ ಹುಲ್ಲಿನ ಚಿತ್ರಕ್ಕೆ ಅರ್ಧ ಕಾರಣ ಇದು: ಮುಂದಿನ ಹುಲ್ಲು ಸವರಿರಲಿಲ್ಲ, ಕಟ್ಟಿದ ಮರ ತೋಳಿನಷ್ಟು ದಪ್ಪವೂ ಇರಲಿಲ್ಲ, ಗಾಳಿಗೆ ಅದೂ ತೂಗುವಂಥದ್ದು. ದಪ್ಪ ಮರ ನೋಡಿ, ಸೊಂಟದೆತ್ತರಕ್ಕೆ, ದಾರಿಗೆ ಓರೆಯಾಗಿ ಕಟ್ಟಿ. ಮೂಡಲು ಪಡುವಲಿಗೆ ಮುಖ ಮಾಡಬೇಡಿ, ಬೇಟೆಯ ಹೊತ್ತಿಗೇ ಸೂರ್ಯ ಕಣ್ಣಿಗೆ ಹೊಡೆಯುತ್ತಾನೆ. ಇಷ್ಟು ಅವನಿಗೆ ಹೇಳಿಕೊಡದಿದ್ದದ್ದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ.

ಎರಡನೆಯದು, ಒಂದು ಚಿತ್ರ ತೆಗೆದ ಮೇಲೆ ಇನ್ನೊಂದಕ್ಕೆ ಸಿದ್ಧವಾಗಲು ಹಿಡಿಯುವ ಹೊತ್ತು. ಇದನ್ನು ಬರೆಯಲು ಕೂತೇ ಅರ್ಧ ಗಂಟೆ ಸುಮ್ಮನಿದ್ದೆ. ಹೇಳಿಬಿಡುತ್ತೇನೆ.

ಎಂಟು ವರ್ಷದ ಹಿಂದೆ ನಾನೂ ಹೀಗೆಯೇ ದೊಡ್ಡ ಅಂಕಿ ನೋಡಿ ಒಂದು ಕ್ಯಾಮೆರಾ ಕೊಂಡಿದ್ದೆ. ಎರಡು ವಾರ ಒಂದು ಹೆಣ್ಣು ಜಿಂಕೆ ದಿನವೂ ಅದೇ ಹೊತ್ತಿಗೆ ಬಂದದ್ದು ಚಿತ್ರದಲ್ಲಿತ್ತು. ಪ್ರತಿ ಚಿತ್ರದಲ್ಲೂ ಒಂಟಿ. ಪರವಾನಗಿಯಲ್ಲಿ ಹೆಣ್ಣಿಗೂ ಅವಕಾಶವಿತ್ತು. ಹೋಗಿ ಕೂತೆ, ಬಂತು, ಹೊಡೆದೆ. ಒಂದೇ ಗುಂಡಿಗೆ ಬಿತ್ತು. ನಾನು ಏಳುವ ಮೊದಲೇ ಹಿಂದಿನ ಪೊದೆಯಿಂದ ಆ ವರ್ಷದ ಮರಿ ಹೊರಗೆ ಬಂದು ತಾಯಿಯ ಪಕ್ಕದಲ್ಲಿ ನಿಂತಿತು. ಓಡಲಿಲ್ಲ. ಮೂಸುತ್ತಾ ನಿಂತೇ ಇತ್ತು. ಆ ಮರಿ ದಿನವೂ ತಾಯಿಯ ಹಿಂದೆಯೇ ಬಂದಿತ್ತು. ನನ್ನ ಕ್ಯಾಮೆರಾ ತಾಯಿಯ ಚಿತ್ರವನ್ನು ಕಾರ್ಡಿಗೆ ಬರೆಯುತ್ತಾ ಅರ್ಧ ನಿಮಿಷ ಕುರುಡಾಗಿರುತ್ತಿದ್ದ ಹೊತ್ತಿನಲ್ಲಿ ಮರಿ ದಾಟಿ ಹೋಗುತ್ತಿತ್ತು. ಯಂತ್ರದ ಮೇಲೆ ಹೊರಿಸಿ ನಾನು ಪಾರಾಗುವುದಿಲ್ಲ. ಇನ್ನು ಹತ್ತು ನಿಮಿಷ ಕಾಯಬೇಕಿತ್ತು, ಕಾಯಲಿಲ್ಲ. ಆದರೆ ಅಂದಿನಿಂದ ಯಾರಾದರೂ "ಎಷ್ಟು ಮೆಗಾಪಿಕ್ಸೆಲ್" ಅಂತ ಕೇಳಿದರೆ ನನಗೆ ಆ ಮರಿ ಕಾಣಿಸುತ್ತದೆ. ಮದದ ಕಾಲದಲ್ಲಿ ಹೆಣ್ಣಿನ ಹಿಂದೆಯೇ ಗಂಡು ಬರುವುದೂ ಹೀಗೆಯೇ. ಮೊದಲು ಬಂದದ್ದನ್ನು ತೋರಿಸಿ ಹಿಂದೆ ಬಂದದ್ದನ್ನು ನುಂಗುವ ಕ್ಯಾಮೆರಾ ಅರ್ಧ ಸತ್ಯ ಹೇಳುತ್ತದೆ, ನಾವು ಅದನ್ನೇ ಪೂರ್ತಿ ಎಂದು ನಂಬಿ ಕೋವಿ ಎತ್ತುತ್ತೇವೆ.

ರಾತ್ರಿ ಚಿತ್ರಕ್ಕೆ ಕ್ಯಾಮೆರಾ ಬೀರುವ ಇನ್‌ಫ್ರಾರೆಡ್ ಬೆಳಕಿನ ವಿಷಯ ಚುಟುಕಾಗಿ. 850 ನ್ಯಾನೋಮೀಟರ್ ತರಂಗಾಂತರದ್ದು ದೂರಕ್ಕೆ ತಲುಪುತ್ತದೆ, ಚಿತ್ರ ತಿಳಿಯಾಗಿರುತ್ತದೆ, ಆದರೆ ಕತ್ತಲಲ್ಲಿ ಮಸುಕಾದ ಕೆಂಪು ಕಾಣುತ್ತದೆ. 940ರದು ಕಣ್ಣಿಗೆ ಕಾಣದು, ದೂರವೂ ಕಡಿಮೆ, ಚಿತ್ರ ಕಾಳುಕಾಳು. ಜನ ಓಡಾಡುವ, ಕಳ್ಳತನದ ಭಯವಿರುವ ಜಾಗವಾದರೆ 940. ಉಳಿದೆಡೆ ನನ್ನ ಮತ 850ಕ್ಕೆ. ಕೊಳ್ಳುವ ಮೊದಲು ಹಗಲಿನ ಮಾದರಿ ಚಿತ್ರ ನೋಡಿ ಮರುಳಾಗಬೇಡಿ, ರಾತ್ರಿಯದ್ದನ್ನು ಕೇಳಿ. ಬ್ಯಾಟರಿಯಲ್ಲಿ ಉಳಿತಾಯ ಮಾಡಲು ಹೋಗಬೇಡಿ: ಆಲ್ಕಲೈನ್ ಸೆಲ್ಲು ಚಳಿಗೆ ಸೊರಗುತ್ತದೆ, ವೋಲ್ಟೇಜು ಇಳಿದಂತೆ ರಾತ್ರಿಯ ಬೆಳಕೂ ಕುಂದುತ್ತದೆ, ಲಿಥಿಯಂ ಸೆಲ್ಲು ಕೊನೆಯ ತನಕ ಹೆಚ್ಚುಕಡಿಮೆ ಒಂದೇ ಸಮ ನಿಲ್ಲುತ್ತದೆ. ಮೊಬೈಲಿಗೆ ಚಿತ್ರ ಕಳಿಸುವಂಥದ್ದು ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗುವವರು ತಿಂಗಳ ಶುಲ್ಕವನ್ನು ವರ್ಷಕ್ಕೆ ಲೆಕ್ಕ ಹಾಕಿ ನೋಡಿ.

"ಕೊಂಬಿನ ಕವಲು ಎಣಿಸಲು ಮೆಗಾಪಿಕ್ಸೆಲ್ ಬೇಡವೇ?" ಅಂತ ಒಬ್ಬರು ಖಂಡಿತ ಕೇಳುತ್ತೀರಿ. ಬೇಕು, ನಿಜವಾದ ಮೆಗಾಪಿಕ್ಸೆಲ್ ಆದರೆ. ಆದರೆ ಚೌಕಟ್ಟಿನೊಳಗೆ ತಲೆಯೇ ಇಲ್ಲದಿದ್ದರೆ ಎಣಿಸುವುದು ಎಲ್ಲಿಂದ? ಇನ್ನೊಬ್ಬರು "ಅಗ್ಗದ್ದು ಅಗ್ಗದ್ದೇ, ದುಬಾರಿಯದನ್ನು ತಗೋ" ಅನ್ನುತ್ತೀರಿ. ದುಡ್ಡಿದ್ದವರು ಧಾರಾಳವಾಗಿ ತಗೊಳ್ಳಿ. ನನಗೆ ಸಿಟ್ಟು ಬರುವುದು ಅಗ್ಗದ ಮಾಲಿನ ಮೇಲಲ್ಲ, ಸುಳ್ಳಿನ ಮೇಲೆ. ನಾಲ್ಕೇ ಮೆಗಾಪಿಕ್ಸೆಲ್ ಎಂದು ನೇರವಾಗಿ ಬರೆದು, ಅರ್ಧ ಸೆಕೆಂಡಿನೊಳಗೆ ತೆಗೆಯುವ ಬಡ ಕ್ಯಾಮೆರಾ ಎರಡು ಸಿಕ್ಕರೆ ಕೆರೆಯ ದಾರಿಗೊಂದು, ಮೇವಿನ ದಾರಿಗೊಂದು ಕಟ್ಟುತ್ತೇನೆ.

ಕೊಳ್ಳುವ ಮೊದಲು ನಿಮ್ಮಲ್ಲಿಯ ಕಾನೂನನ್ನೂ ಓದಿ. ಅಮೆರಿಕದ ಅರಿಜೋನಾದಲ್ಲಿ 2022ರ ಜನವರಿಯಿಂದ ಬೇಟೆಗೆ ಇವುಗಳ ಬಳಕೆಯೇ ನಿಷಿದ್ಧ. ಪ್ರಾಣಿಗೂ ತಪ್ಪಿಸಿಕೊಳ್ಳುವ ಅವಕಾಶ ಇರಬೇಕು ಅನ್ನುವ ಆ ವಾದವನ್ನು ನಾನು ಗೌರವಿಸುತ್ತೇನೆ.

ಹುಡುಗ ಮಧ್ಯಾಹ್ನ ಫೋನ್ ಮಾಡಿದ್ದ. ಕ್ಯಾಮೆರಾ ಹಿಂದಿರುಗಿಸಲು ಇನ್ನೂ ಒಂಬತ್ತು ದಿನ ಇದೆಯಂತೆ. ನಾಳೆ ನಸುಕಿನಲ್ಲಿ, ನೆಲ ಇನ್ನೂ ತಣ್ಣಗಿರುವಾಗ, ಅದನ್ನು ಬೇಲಿಯ ಕಂಬಕ್ಕೆ ಕಟ್ಟುತ್ತೇವೆ. ಅವನು ಐದು, ಹತ್ತು, ಹದಿನೈದು ಮೀಟರಿನಲ್ಲಿ ಅಡ್ಡಡ್ಡ ನಡೆಯುತ್ತಾನೆ, ನಾನು ಅವನ ಹಿಂದೆ ಐದು ಸೆಕೆಂಡು ಬಿಟ್ಟು. ಆಮೇಲೆ ಕಾರ್ಡು ತೆಗೆದು, ಚಿತ್ರದಲ್ಲಿ ನಾನು ಇದ್ದೇನೋ ಇಲ್ಲವೋ ನೋಡುತ್ತೇವೆ.