ಹಾರಿದಳು ಬೇರೆ, ಹಾರಿಕೊಂಡಳು ಬೇರೆ

ಕಳೆದ ವಾರ ಒಂದು ಅನುವಾದ ಕಥೆ ಓದುತ್ತಿದ್ದೆ. ಹುಡುಗಿಯೊಬ್ಬಳು ಬೆಳಗ್ಗೆ ಎದ್ದು, ಹೆಗಲಿಗೆ ಟವೆಲ್ ಹಾಕಿಕೊಂಡು, ಹಾಡು ಗುನುಗುತ್ತಾ ಹೊಳೆಗೆ ಹೋಗುತ್ತಾಳೆ. ಮುಂದಿನ ಸಾಲು: 'ಅವಳು ಹೊಳೆಗೆ ಹಾರಿಕೊಂಡಳು.' ಎದೆ ಧಸಕ್ಕೆಂದಿತು. ಇಷ್ಟು ಖುಷಿಯಾಗಿದ್ದವಳಿಗೆ ಏನಾಯ್ತಪ್ಪಾ ಅಂತ ಹಿಂದಿನ ಪುಟ ತಿರುವಿದೆ. ಏನೂ ಆಗಿರಲಿಲ್ಲ. ಇಂಗ್ಲಿಷಿನಲ್ಲಿ 'ಡೈವ್' ಅಂತ ಇದ್ದಿರಬೇಕು. ಅವಳು ಈಜಲು ಹೋಗಿದ್ದಳು, ಅಷ್ಟೇ.

'ಕೊಂಡಳು' ಸೇರಿದ ಕೂಡಲೇ ಅದು ಸಾವಿನ ಸುದ್ದಿ. ಬಾವಿ, ಕೆರೆ ಇರುವ ಊರಿನಲ್ಲಿ ಬೆಳೆದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ನಾವು ತೋಟದ ಬಾವಿಯಲ್ಲಿ ಈಜು ಕಲಿತದ್ದು ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು. ಬುರುಡೆ ಬಿಚ್ಚಿದ ಮೇಲೆ ದೊಡ್ಡ ಹುಡುಗರ ಹಾಗೆ ಮೇಲಿನ ಕಲ್ಲಿನಿಂದ ಡೈವ್ ಹೊಡೆಯುವ ಆಸೆ. ಅದು ಇಂಗ್ಲಿಷ್ ಮಾತು ಅಂತ ಯಾರಿಗೂ ಅನಿಸಿರಲಿಲ್ಲ. ಕೈ ಚಾಚಿ ತಲೆ ಕೆಳಗಾಗಿ ಬಿದ್ದರೆ ಡೈವ್. ಕಾಲು ಮುಂದಾಗಿ ಬಿದ್ದರೆ ಹಾರುವುದು. ತಳ ಮುಟ್ಟಿ ಮಣ್ಣು ಹಿಡಿದು ಬಂದರೆ ಮುಳುಗುವುದು. ಒಂದೊಂದು ಕೆಲಸಕ್ಕೂ ಒಂದೊಂದು ಮಾತಿತ್ತು.

ಇಂಗ್ಲಿಷಿಗೂ ಮೊದಲು ಹಾಗೇ ಇತ್ತು. ಹಳೆಯ ಇಂಗ್ಲಿಷಿನಲ್ಲಿ ಮುಳುಗುವುದಕ್ಕೆ ಒಂದು, ಅದ್ದುವುದಕ್ಕೆ ಒಂದು, ಹೀಗೆ ಎರಡು ಕ್ರಿಯಾಪದಗಳಿದ್ದವು. ಎರಡೂ ಬೆರೆತು 'ಡೈವ್' ಆಯಿತು. ಆಮೇಲೆ ಆ ಒಂದೇ ಮಾತು ಎಲ್ಲ ಕಡೆ ದುಡಿಯಬೇಕಾಯಿತು. ಅದನ್ನು ಕನ್ನಡಕ್ಕೆ ತರುವಾಗ ಎಲ್ಲದಕ್ಕೂ 'ಧುಮುಕು' ಅಂತ ಹಾಕಿಬಿಟ್ಟರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ.

ಫುಟ್‌ಬಾಲ್ ನೋಡಿ. ಅಲ್ಲಿ ಡೈವ್ ಅಂದರೆ ಯಾರೂ ತಳ್ಳದೆ ಬಿದ್ದು ಫೌಲ್ ಕೇಳುವ ಮೋಸ. ಜರ್ಮನಿಯ ಕ್ಲಿನ್ಸ್‌ಮನ್ ಮೇಲೆ ಈ ಆರೋಪ ಜೋರಾಗಿತ್ತು. 1994ರಲ್ಲಿ ಇಂಗ್ಲೆಂಡಿನ ಟಾಟನ್‌ಹ್ಯಾಮ್ ಕ್ಲಬ್ ಸೇರಿ, ಮೊದಲ ಲೀಗ್ ಪಂದ್ಯದಲ್ಲೇ ಗೋಲು ಹೊಡೆದು, ಬೇಕೆಂದೇ ಹುಲ್ಲಿನ ಮೇಲೆ ಎದೆಯೂರಿ ಜಾರಿದರು. ಬೈಗುಳವನ್ನೇ ಸಂಭ್ರಮ ಮಾಡಿಕೊಂಡರು. ಅದೇ ಮಾತು ಕ್ರಿಕೆಟ್‌ನಲ್ಲಿ ಹೊಗಳಿಕೆ. 1992ರ ವಿಶ್ವಕಪ್‌ನಲ್ಲಿ ಜಾಂಟಿ ರೋಡ್ಸ್ ಚೆಂಡು ಹಿಡಿದುಕೊಂಡೇ ಹಾರಿ ವಿಕೆಟ್ ಕೆಡವಿ ಇಂಜಮಾಮ್ ಅವರನ್ನು ರನೌಟ್ ಮಾಡಿದ್ದು ನೆನಪಿದೆ ಅಲ್ವಾ? ಒಂದಕ್ಕೆ 'ಬೀಳುವ ನಾಟಕ' ಅನ್ನೋಣ. ಇನ್ನೊಂದಕ್ಕೆ 'ಡೈವ್ ಹೊಡೆದರು' ಅಂತಲೇ ಇರಲಿ, ಅದು ನಮ್ಮದೇ ಆಗಿದೆ.

ಹಕ್ಕಿಗೆ ಬಂದರೆ ಕನ್ನಡ ಇನ್ನೂ ಚೆಂದ. ಬೇಟೆಯ ಮೇಲೆ ಬೀಳುವ ಪೆರಿಗ್ರಿನ್ ಡೇಗೆ (ಫಾಲ್ಕನ್) ಗಂಟೆಗೆ 300 ಕಿಲೋಮೀಟರ್ ವೇಗವನ್ನೂ ಮೀರುತ್ತದೆ. ಅದು ಧುಮುಕುವುದಿಲ್ಲ, ಎರಗುತ್ತದೆ. ದೇವರ ಪಾದಕ್ಕೆ ಬಾಗುವುದಕ್ಕೂ ನಾವು ಎರಗುವುದು ಅಂತಲೇ ಹೇಳುತ್ತೇವೆ. ಷೇರಿನ ಬೆಲೆ 'ಡೈವ್' ಆಯಿತು ಅಂದರೆ ನಮ್ಮಲ್ಲಿ ಅದು ಕುಸಿಯುತ್ತದೆ. 'ಡೀಪ್ ಡೈವ್' ಅಂತ ಆಫೀಸಿನಲ್ಲಿ ಹೇಳುತ್ತಾರಲ್ಲ, ಅದಕ್ಕೆ 'ಆಳವಾದ ಧುಮುಕುವಿಕೆ' ಅಂತ ಬರೆದದ್ದನ್ನೂ ಓದಿದ್ದೇನೆ. 'ಒಳಹೊಕ್ಕು ನೋಡುವುದು' ಅಂತ ಎಷ್ಟು ಒಳ್ಳೆಯ ಮಾತಿದೆ! ಅಮೆರಿಕದ 'ಡೈವ್ ಬಾರ್' ಅಂದರೆ ಸಾದಾ, ಅಗ್ಗದ ಬಾರ್. ಅಲ್ಲಿ ಯಾರೂ ಎಲ್ಲಿಗೂ ಹಾರುವುದಿಲ್ಲ.

ಹಾಗಂತ ಧುಮುಕುವುದು ಸಣ್ಣ ಮಾತಲ್ಲ. ಜೋಗದಲ್ಲಿ ಶರಾವತಿ 253 ಮೀಟರ್ ಧುಮುಕುತ್ತಾಳೆ. 1942ರಲ್ಲಿ ಹುಡುಗರು ಕಾಲೇಜು ಬಿಟ್ಟು ಚಳವಳಿಗೆ ಧುಮುಕಿದರು. ವಾಪಸ್ ಬರುವ ಲೆಕ್ಕ ಹಾಕದೆ ಹೋಗುವವರ ಮಾತು ಅದು. ಸುಮ್ನೆ ಕಂಡಕಂಡಲ್ಲಿ ಬಳಸಿದರೆ ಸವೆದುಹೋಗುತ್ತದೆ.

ಆ ಕಥೆಯ ಪುಸ್ತಕ ಇನ್ನೂ ನನ್ನ ಮೇಜಿನ ಮೇಲಿದೆ. 'ಹಾರಿಕೊಂಡಳು' ಅನ್ನುವುದನ್ನು ಪೆನ್ಸಿಲ್‌ನಿಂದ ಹೊಡೆದುಹಾಕಿ, ಪಕ್ಕದಲ್ಲಿ 'ಡೈವ್ ಹೊಡೆದಳು' ಅಂತ ಬರೆದಿದ್ದೇನೆ.